ಹತ್ತು ಹೆಜ್ಜೆಯ ಹಲಗೆ

ಹದಿನಾಲ್ಕನೇ ತಾರೀಖು, ಮಂಗಳವಾರ, ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಮೊದಲು ಕೇಳಿದ್ದು ಕುಡಿಯಲು ನೀರು. ಆಮೇಲೆ ಕೇಳಿದ್ದು ಗಂಡನನ್ನು.

“ನಿನ್ನೆ ರಾತ್ರಿ ಮನೆಗೆ ಬಂದಿಲ್ಲ ಸಾರ್. ಅವರಿಗೆ ಕಾಲು ಸರಿ ಇಲ್ಲ. ಎಲ್ಲಾದರೂ ಬಿದ್ದಿದ್ದಾರೇನೋ ಅಂತ ಜೀವ ಹೊಡ್ಕೋತಿದೆ.”

ಮೇಜಿನ ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ರಿಜಿಸ್ಟರು ಎಳೆದುಕೊಂಡರು. ಠಾಣೆಯ ಬರವಣಿಗೆಯೆಲ್ಲ ಅವರ ಕೈಯದೇ ಆದ್ದರಿಂದ ಊರಿಗೆಲ್ಲ ಅವರು ರೈಟರ್. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರು.

“ಗಂಡನ ಕೆಲಸ?”

“ಬೂಟಿನ ಮೇಸ್ತ್ರಿ. ಕಾಲುವೆ ಬೀದಿಯಲ್ಲಿ ಅಂಗಡಿ. ಕಾಲು ಊನ ಇದ್ದವರಿಗೆ ಬೂಟು ಮಾಡ್ತಾರಲ್ಲ, ಅವರೇ.”

“ಕೊನೇ ಸಲ ನೋಡಿದ್ದು?”

“ನಿನ್ನೆ ಮಧ್ಯಾಹ್ನ ಎರಡಕ್ಕೆ. ಊಟ ಮಾಡಿ ಅಂಗಡಿಗೆ ಹೋದರು.”

“ಮೈಮೇಲೆ?”

“ಉದ್ದ ಕೋಟು, ಉಣ್ಣೆ ಟೋಪಿ.”

“ಯಾರ ಜೊತೆಗಾದರೂ ಜಗಳ?”

ಆಕೆ ಲೋಟವನ್ನು ಮೇಜಿನ ಮೇಲಿಟ್ಟರು. “ಅವರ ಕೈ ಒಳ್ಳೇದು ಸಾರ್. ಬಾಯಿ ಮಾತ್ರ ಕೆಟ್ಟದ್ದು. ಭಾನುವಾರ ನಮ್ಮ ಮೈದುನನ ಜೊತೆ ಮಾತಿಗೆ ಮಾತು ಬೆಳೀತು. ಇವರಿಗಿಂತ ಮೂವತ್ತು ವರ್ಷ ಚಿಕ್ಕ ಹುಡುಗ, ಮಾತು ತಡವರಿಸುತ್ತೆ. ಇವರು ನಾಲ್ಕು ಜನರ ಮುಂದೆ ಅವನ ಹಾಗೇ ತಡವರಿಸಿ ಮಾತಾಡಿ ನಗಿಸಿದರು.”

ರೈಟರ್ ಬರೆದುಕೊಂಡರು: ‘ಸದರಿಯವರು ದಿನಾಂಕ ಹದಿಮೂರರಂದು ಮಧ್ಯಾಹ್ನ ಎರಡು ಗಂಟೆಗೆ ಮನೆಯಿಂದ ಅಂಗಡಿಗೆ ಹೋದರು.’ ಇಪ್ಪತ್ತಾರು ವರ್ಷದಲ್ಲಿ ಅವರ ಪೆನ್ನಿಗೆ ಒಂದು ಜಾಡು ಬಿದ್ದಿತ್ತು. ಯಾರು ಹೇಗೆ ಓಡಿದರೂ, ತೆವಳಿದರೂ, ಎದ್ದು ಬಿದ್ದು ಬಂದರೂ ಅವರ ಕಾಗದದ ಮೇಲೆ ಎಲ್ಲರೂ ಹೋದರು ಇಲ್ಲವೇ ಬಂದರು. ನ್ಯಾಯಾಲಯದಲ್ಲಿ ಯಾವ ವಕೀಲನೂ ಆ ಎರಡು ಪದಗಳನ್ನು ಹಿಡಿದು ಎಳೆದಾಡಿದ್ದಿಲ್ಲ ಎಂಬುದು ಅವರ ಹೆಮ್ಮೆ.

ಒಂಬತ್ತು ಹತ್ತಕ್ಕೆ ಕಾಲುವೆಯ ತೂಬು ಕಾಯುವವನ ಫೋನು ಬಂತು. ಸೇತುವೆಯ ಕೆಳಗೆ, ತೂಬಿನ ಸರಳಿಗೆ ಹೆಣ ತಾಗಿ ನಿಂತಿದೆ.

ಇನ್ಸ್‌ಪೆಕ್ಟರ್ ಮೇಡಂ ಕಾಲುವೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಮಾತು ಕಡಿಮೆಯ ಹೆಂಗಸು. ಅವರು ಸುಮ್ಮನಿದ್ದರೆ ಕಾನ್‌ಸ್ಟೆಬಲ್‌ಗಳು ತಮ್ಮ ತಪ್ಪೇನೆಂದು ತಾವೇ ನೆನಪು ಮಾಡಿಕೊಳ್ಳುತ್ತಿದ್ದರು. ಪಂಚರು ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ಪಂಚನಾಮೆ ಶುರುವಾಯಿತು. ವಯಸ್ಸು ಸುಮಾರು ಐವತ್ತೆಂಟು. ಬಲಗಾಲು ಗಿಡ್ಡ. ಬಲಗಾಲಿನ ಬೂಟಿಗೆ ನಾಲ್ಕು ಬೆರಳು ದಪ್ಪದ ಅಟ್ಟೆ. ತಲೆಯ ಹಿಂಭಾಗದಲ್ಲಿ ಗಾಯ. ಮೈಮೇಲೆ ಅಂಗಿ ಮಾತ್ರ. ಉದ್ದ ಕೋಟು ಸರಳಿನ ಇನ್ನೊಂದು ತುದಿಗೆ, ಇಪ್ಪತ್ತು ಅಡಿ ಆಚೆ ಸಿಕ್ಕಿಕೊಂಡಿತ್ತು.

“ಕೋಟು ಯಾಕೆ ಬೇರೆ ಇದೆ?” ಎಂದರು ಮೇಡಂ.

“ನೀರಿನ ಸೆಳೆತಕ್ಕೆ ಕಳಚಿದೆ ಮೇಡಂ,” ಎಂದರು ರೈಟರ್.

ಮೇಡಂ ಅವರನ್ನೊಮ್ಮೆ ನೋಡಿದರು. ರೈಟರ್ ಹಾಗೇ ಬರೆದರು.

ಮಧ್ಯಾಹ್ನ ಹೇಳಿಕೆಗಳು. ಮೇಸ್ತ್ರಿಯ ಅಂಗಡಿಯ ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಮೊದಲು ಬಂದರು. ಈಕೆಯೂ ರೈಟರೂ ಒಂದೇ ಕ್ಲಾಸಿನವರು. ವಾರಕ್ಕೆ ಮೂರು ಸಂಜೆ, ಆರೂವರೆಗೆ, ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಒಬ್ಬ ಮೇಷ್ಟ್ರ ಮನೆಯ ಮಹಡಿಯಲ್ಲಿ ಆ ಕ್ಲಾಸು. ಬಡ್ತಿ ಪರೀಕ್ಷೆಯಲ್ಲಿ ಇಂಗ್ಲಿಷಿನ ಒಂದು ಪೇಪರು ಇದ್ದುದರಿಂದ ಐವತ್ತೊಂದನೇ ವಯಸ್ಸಿನಲ್ಲಿ ರೈಟರ್ ಬೆಂಚಿನ ಮೇಲೆ ಕೂರಬೇಕಾಗಿ ಬಂದಿತ್ತು.

“ಐದು ನಲವತ್ತು ಸಾರ್. ಗಡಿಯಾರ ನೋಡೇ ಬರೆದೆ. ಮೇಷ್ಟ್ರು ಮನೆಪಾಠ ಕೊಟ್ಟಿದ್ದರಲ್ಲ, ಐದೂವರೆಯಿಂದ ಆರರ ತನಕ ಬೀದಿ ನೋಡಿ ಹತ್ತು ಜನ ಹೇಗೆ ಓಡಾಡ್ತಾರೆ ಬರೀರಿ ಅಂತ. ಕಿಟಕಿ ಹತ್ತಿರ ಅದನ್ನೇ ಮಾಡ್ತಾ ಕೂತಿದ್ದೆ. ಮೇಸ್ತ್ರಿ ಬಾಗಿಲು ಎಳಕೊಂಡು ಹೊರಗೆ ಬಂದರು, ಹೀಗೆ...” ಟೈಲರಮ್ಮ ಕುರ್ಚಿಯಲ್ಲೇ ಬಲ ಭುಜ ಇಳಿಸಿ ಏರಿಸಿ ತೋರಿಸಿದರು.

“ಮುಖ ನೋಡಿದಿರಾ?”

“ಮುಖ ಯಾಕ್ರೀ ನೋಡಬೇಕು? ಆ ಕೋಟು, ಆ ಕುಂಟು. ಬೀದಿಗೆಲ್ಲ ಗೊತ್ತು.”

ರೈಟರ್ ಬರೆದರು: ‘ಮೃತರು ಐದು ಗಂಟೆ ನಲವತ್ತು ನಿಮಿಷಕ್ಕೆ ಅಂಗಡಿಯಿಂದ ಹೊರಟು ಸೇತುವೆಯ ಕಡೆಗೆ ಹೋದರು.’

ಎರಡನೆಯವನು ಅಂಗಡಿಯ ಕೆಲಸಗಾರ. ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿಯ ಹತ್ತಿರವೇ ಇದ್ದವನು, ರೈಟರಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಅಚ್ಚು ಎಂದು. ಬೂಟಿನ ಅಚ್ಚಿಗೂ ಆ ಹೆಸರಿಗೂ ಸಂಬಂಧವಿತ್ತು, ಅದು ಮುಂದೆ ತಿಳಿಯುತ್ತದೆ. ಅವನೂ ಅದೇ ಕ್ಲಾಸಿನವನು, ರೈಟರ್ ಪಕ್ಕದಲ್ಲೇ ಕೂರುವವನು. ರೈಟರಿಗೆ ಕಾಗುಣಿತದಷ್ಟು ಸುಲಭವಾಗಿ ಸ್ಪೆಲ್ಲಿಂಗು ಹತ್ತದಿದ್ದಾಗ ಮೊಣಕೈಯಿಂದ ತಿವಿದು ಹೇಳಿಕೊಡುತ್ತಿದ್ದವನು.

“ನಿನ್ನ ಯಜಮಾನರು ಎಷ್ಟು ಹೊತ್ತಿಗೆ ಹೊರಟರು?”

“ಐದು ನಲವತ್ತು ಇರಬಹುದು ಅಣ್ಣ.”

“ನೀನು?”

“ಹಿಂಬಾಗಿಲು ಹಾಕಿ, ಹಾಗೇ ಕ್ಲಾಸಿಗೆ.”

“ಎಲ್ಲಿಗೆ ಹೊರಟಿದ್ದರು?”

“ಅವರ ತಮ್ಮ ಸೇತುವೆ ಹತ್ತಿರ ಬಾ ಅಂದಿದ್ದನಂತೆ.”

ಅಚ್ಚುವಿನ ಕಣ್ಣು ಕೆಂಪಗಿತ್ತು. ಅನ್ನ ಹಾಕಿದ ಧಣಿ ಸತ್ತರೆ ಯಾರ ಕಣ್ಣಾದರೂ ಕೆಂಪಾಗುತ್ತದೆ ಅಂದುಕೊಂಡು ರೈಟರ್ ಅವನ ಭುಜ ತಟ್ಟಿ ಕಳಿಸಿದರು.

ಉಳಿದದ್ದು ಮೇಸ್ತ್ರಿಯ ತಮ್ಮ. ಅವನು ಐದೂವರೆಯಿಂದ ಕತ್ತಲಾಗುವವರೆಗೆ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದುದನ್ನು ತೂಬಿನವನು ನೋಡಿದ್ದ. ನಡುವೆ ಹತ್ತು ನಿಮಿಷ ಮಾತ್ರ ತೂಬಿನವನು ಬೀಗದಕೈ ತರಲು ತನ್ನ ಗುಡಿಸಲಿಗೆ ಹೋಗಿದ್ದ.

“ಅಣ್ಣ ಬಂದನಾ?” ಕೇಳಿದರು ಮೇಡಂ.

“ಬ... ಬ... ಬರಲಿಲ್ಲ.”

“ಬೀದಿಯವರು ನೋಡಿದ್ದಾರೆ. ನಿನ್ನ ಕಡೆಗೇ ಬಂದಿದ್ದಾನೆ.”

“ನ... ನಾನು ಕ... ಕಾದೆ. ಬ...”

ಆ ಮಾತು ಮುಗಿಯುವುದರೊಳಗೆ ಪಕ್ಕದ ಕಾನ್‌ಸ್ಟೆಬಲ್ ನಿಟ್ಟುಸಿರು ಬಿಟ್ಟ, ರೈಟರ್ ಪೆನ್ನಿನ ಮುಚ್ಚಳ ಹಾಕಿದರು. ತಡವರಿಸುವ ಬಾಯಿಯಿಂದ ಬಂದ ನಿಜವೂ ಸುಳ್ಳಿನ ಹಾಗೇ ಕೇಳಿಸುತ್ತದೆ ಎಂಬುದು ಆ ಹುಡುಗನಿಗೆ ಚೆನ್ನಾಗಿ ಗೊತ್ತಿತ್ತು. ಮೂರನೇ ಪ್ರಶ್ನೆಗೆ ಅವನು ಉತ್ತರಿಸುವುದನ್ನೇ ಬಿಟ್ಟ.

ಬುಧವಾರ ಹನ್ನೊಂದಕ್ಕೆ ಮರಣೋತ್ತರ ವರದಿ ಬಂತು. ಶ್ವಾಸಕೋಶದಲ್ಲಿ ನೀರಿಲ್ಲ. ನೀರಿಗೆ ಬೀಳುವ ಮೊದಲೇ, ತಲೆಯ ಪೆಟ್ಟಿನಿಂದ ಸಾವು. ಸಮಯ ಸಂಜೆ ನಾಲ್ಕೂವರೆಯಿಂದ ಆರೂವರೆಯ ನಡುವೆ. ಹನ್ನೆರಡಕ್ಕೆ ಕೊಲೆಯ ಎಫ್‌ಐಆರ್ ಆಯಿತು, ಹನ್ನೆರಡೂವರೆಗೆ ತಮ್ಮನ ದಸ್ತಗಿರಿ. ಗುರುವಾರ ಹನ್ನೊಂದಕ್ಕೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಒಮ್ಮೆ ಅಲ್ಲಿಂದ ಜೈಲಿಗೆ ಹೋದನೆಂದರೆ ಯಾವ ಕಾಲಕ್ಕೆ ಹೊರಗೆ ಬರುತ್ತಾನೋ.

ಅತ್ತಿಗೆ ಊಟದ ಡಬ್ಬಿ ಹಿಡಿದು ಬಂದು ಲಾಕಪ್ಪಿನ ಸರಳಿನ ಮುಂದೆ ನಿಂತರು. ಗಂಡನನ್ನು ಕಳೆದುಕೊಂಡು ಎರಡು ದಿನವೂ ಆಗಿರಲಿಲ್ಲ.

“ನೀನು ಮಾಡಿದೆಯೇನೋ?”

ಹುಡುಗ ತಲೆಯಾಡಿಸಿದ, ಇಲ್ಲ ಎಂದು.

“ಹಾಗಾದರೆ ತಿನ್ನು,” ಎಂದು ಡಬ್ಬಿ ಒಳಗೆ ತಳ್ಳಿದರು. ಆಮೇಲೆ ರೈಟರ್ ಕಡೆ ತಿರುಗಿ, “ಮನೆಯಲ್ಲಿ ಇನ್ನೊಂದು ಗಂಡು ದಿಕ್ಕು ಅಂತ ಇರೋದು ಇವನೊಬ್ಬನೇ ಸಾರ್. ಸರಿಯಾಗಿ ನೋಡಿ ಬರೀರಿ,” ಎಂದರು.

ಆ ಮಾತು ಅಂಗಿಯೊಳಗೆ ಸಿಕ್ಕಿದ ಹುಲ್ಲಿನ ಎಸಳಿನಂತೆ ಸಂಜೆಯವರೆಗೆ ರೈಟರನ್ನು ಚುಚ್ಚುತ್ತಲೇ ಇತ್ತು.

ಆರೂವರೆಗೆ ಕ್ಲಾಸು. ತಪ್ಪಿಸಬಹುದಿತ್ತು, ಆದರೆ ಮನೆಗೆ ಹೋದರೆ ಅದೇ ಯೋಚನೆ. ಮಹಡಿಯ ಕೋಣೆಯಲ್ಲಿ ಹನ್ನೆರಡು ಜನ, ಮೂಲೆಯಲ್ಲಿ ಮಿಣುಕುವ ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಕಪ್ಪು ಹಲಗೆ. ಅಚ್ಚು ಮೊದಲೇ ಬಂದು ಕೂತಿದ್ದ; ಅವನೆದುರು ಮೇಸ್ತ್ರಿಯ ಸಾವಿನ ಮಾತು ಎತ್ತಬಾರದೆಂದು ಎಲ್ಲರೂ ಪಾಠದತ್ತ ತಿರುಗಿದರು.

ಮೇಷ್ಟ್ರು ತಿದ್ದಿದ ನೋಟುಪುಸ್ತಕಗಳ ಕಟ್ಟನ್ನು ಮೇಜಿನ ಮೇಲೆ ದೊಪ್ಪೆಂದು ಹಾಕಿದರು. “ಹೋದ ವಾರ ಏನು ಹೇಳಿದ್ದೆ? ‘ಗೋ’ ಅಂದರೆ ದೊಡ್ಡ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ‘ವಾಕ್’ ಅನ್ನೋ ಸಣ್ಣ ಪೆಟ್ಟಿಗೆ. ಅದನ್ನೂ ತೆಗೆದರೆ ‘ಲಿಂಪ್’ ಇದೆ, ಕುಂಟೋದು. ‘ಸ್ಟ್ರೈಡ್’ ಇದೆ, ದಾಪುಗಾಲು. ‘ಶಫಲ್’ ಇದೆ, ಪಾದ ಎತ್ತದೆ ಎಳಕೊಂಡು ಹೋಗೋದು. ಕುಂಟಿದವನು ನಡೆದಿದ್ದಾನೆ, ನಡೆದವನು ಹೋಗಿದ್ದಾನೆ. ಹೋದವನು ಕುಂಟಿದನಾ ಓಡಿದನಾ, ದೇವರಿಗೇ ಗೊತ್ತು. ದೊಡ್ಡ ಪೆಟ್ಟಿಗೆ ಕೊಟ್ಟು ಸಣ್ಣದನ್ನು ನೀವೇ ಹುಡುಕ್ಕೊಳಿ ಅನ್ನಬಾರದು. ಅಲ್ವಾ ರೈಟರಣ್ಣ?”

ಎಲ್ಲರೂ ನಕ್ಕರು. ಮೇಷ್ಟ್ರು ರೈಟರ್ ಪುಸ್ತಕ ಎತ್ತಿ ಹಿಡಿದರು. ಹತ್ತು ಸಾಲು, ಹತ್ತರಲ್ಲೂ ‘ವೆಂಟ್’. ಠಾಣೆಯ ಕುರ್ಚಿಯಲ್ಲಿ ಕೂತು ಹೊರಗೆ ನೋಡದೆ ಬರೆದದ್ದು.

“ನಿಮ್ಮ ಠಾಣೆ ಮುಂದೆ ಎಲ್ಲರೂ ಹೋಗ್ತಾರೆ, ಯಾರೂ ನಡೆಯೋದಿಲ್ಲವಾ? ಇರಲಿ, ನಿಮಗಾದರೆ ಅಭ್ಯಾಸ ಬಲ. ಆದರೆ ಅಚ್ಚು, ನಿನಗೇನಾಯ್ತಪ್ಪ?” ಇನ್ನೊಂದು ಪುಸ್ತಕ ಮೇಲೆ ಬಂತು. ಅದರಲ್ಲೂ ಹತ್ತು ಸಲ ‘ವೆಂಟ್’. “ಪಕ್ಕದಲ್ಲಿ ಕೂತು ಪೊಲೀಸರದ್ದನ್ನೇ ಕಾಪಿ ಹೊಡೆದೆಯಾ?”

ಮತ್ತೆ ನಗು. ರೈಟರ್ ಮಾತ್ರ ನಗಲಿಲ್ಲ. ಅಚ್ಚು ಆ ತರಗತಿಯ ಜಾಣ. ಯಾವ ಪದ ಬಂದರೂ ಮೇಷ್ಟ್ರು ಅವನನ್ನು ಎಬ್ಬಿಸುತ್ತಿದ್ದರು. ‘ಸ್ಟ್ಯಾಗರ್’ ಎಂದರೆ ಹೊಟ್ಟೆತುಂಬ ಕುಡಿದವನಂತೆ ಗೋಡೆ ಗೋಡೆಗೆ ತಾಗಿ ತೂರಾಡುತ್ತಿದ್ದ. ‘ವ್ಯಾಡಲ್’ ಎಂದರೆ ತುಂಬಿದ ಬಾತುಕೋಳಿಯಂತೆ ಓಲಾಡಿಕೊಂಡು ಬರುತ್ತಿದ್ದ. ‘ಲಿಂಪ್’ ಬಂದ ದಿನ ತನ್ನ ಯಜಮಾನನ ಹಾಗೇ ನಡೆದು ಟೈಲರಮ್ಮನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿದ್ದ.

“ಈಗ ನೋಡಿ, ಇದು ಇನ್ನೊಂದು ತರಹದ ತಪ್ಪು.” ಮೇಷ್ಟ್ರು ಔಷಧಿ ಅಂಗಡಿಯ ಗುಮಾಸ್ತೆಯ ಪುಸ್ತಕ ತೆರೆದರು. ಆ ಅಂಗಡಿ ಇರುವುದು ಕಾಲುವೆ ಬೀದಿಯ ತಿರುವಿನಾಚೆ. “ಐದು ನಲವತ್ಮೂರಕ್ಕೆ ಉದ್ದ ಕೋಟಿನ ಮುದುಕ ‘ಟಿಪ್‌ಟೋಡ್’ ಅಂತ ಬರೆದಿದ್ದೀರಿ. ತುದಿಗಾಲಲ್ಲಿ ನಡೆಯೋದು. ಸದ್ದಾಗಬಾರದು ಅಂತ ನಡೆಯೋರು ಹಾಗೆ ನಡೀತಾರೆ. ಹಾಡಹಗಲಲ್ಲಿ ಯಾರ ನಿದ್ದೆ ಕೆಡುತ್ತೆ ಅಂತ? ಅದೇ ಕೋಟಿನವರನ್ನು ಟೈಲರಮ್ಮ ‘ಲಿಂಪ್ಡ್’ ಅಂತ ಬರೆದಿದ್ದಾರೆ. ಅದು ಸರಿ.”

“ಪದ ತಪ್ಪಿರಬಹುದು ಮೇಷ್ಟ್ರೇ,” ಗುಮಾಸ್ತೆ ಎದ್ದು ನಿಂತಳು. “ನೋಡಿದ್ದು ತಪ್ಪಲ್ಲ. ಹಿಮ್ಮಡಿ ನೆಲಕ್ಕೆ ತಾಗ್ತಿರಲಿಲ್ಲ. ಎರಡೂ ಕಾಲಿನದ್ದು. ಮಂಡಿ ಒಂದಕ್ಕೊಂದು ಉಜ್ಜುತಿತ್ತು. ಗಲ್ಲಾಪೆಟ್ಟಿಗೆ ಬಿಟ್ಟು ಬಾಗಿಲ ತನಕ ಬಂದು ನೋಡಿದೆ.”

“ಕುಂಟೋರೇ ಕಣಮ್ಮ ಅವರು!” ಎಂದರು ಟೈಲರಮ್ಮ.

“ನನ್ನ ಕಣ್ಣ ಮುಂದೆ ಕುಂಟಲಿಲ್ಲ.”

“ಸರಿ, ವ್ಯತ್ಯಾಸ ತೋರಿಸೇಬಿಡೋಣ. ಅಚ್ಚು, ಏಳಪ್ಪ. ಟಿಪ್‌ಟೋ.”

ಅಚ್ಚು ಎದ್ದ. ಬೆಂಚಿನ ಆಚೆ ಬಂದು ನಿಂತ. ಎಲ್ಲರೂ ನಗಲು ಸಿದ್ಧರಾಗಿ ಕೂತರು. ಅವನು ತನ್ನ ಪಾದಗಳನ್ನೇ ನೋಡುತ್ತ ನಿಂತ, ಅವು ಬೇರೆಯವರವು ಎಂಬ ಹಾಗೆ.

“ಕಾಲು ನೋವು ಮೇಷ್ಟ್ರೇ,” ಎಂದು ಮತ್ತೆ ಕೂತ.

ಕ್ಲಾಸು ಮುಗಿದ ಮೇಲೆ ರೈಟರ್ ಅಚ್ಚು, ಟೈಲರಮ್ಮ, ಗುಮಾಸ್ತೆ, ಮೂವರ ಪುಸ್ತಕಗಳನ್ನೂ ಕೇಳಿ ಪಡೆದರು. “ಮನೆಯಲ್ಲಿ ನೋಡಿ ಕಲೀತೀನಿ” ಎಂದರು. ಮೇಷ್ಟ್ರಿಗೆ ಖುಷಿಯಾಯಿತು.

ಏಳು ಐವತ್ತಕ್ಕೆ ಇನ್ಸ್‌ಪೆಕ್ಟರ್ ಮೇಡಂ ಮೇಜಿನ ಮೇಲೆ ಮೂರೂ ಪುಸ್ತಕ ತೆರೆದು ಬಿದ್ದಿದ್ದವು.

“ಅಂಗಡಿ ಮುಂದೆ ಕುಂಟು. ತಿರುವಿನಾಚೆ ತುದಿಗಾಲು. ಮೂರು ನಿಮಿಷದಲ್ಲಿ,” ಎಂದರು ಮೇಡಂ. “ಗಿಡ್ಡಗಾಲಿಗೆ ನಾಲ್ಕು ಬೆರಳು ಅಟ್ಟೆ ಕಟ್ಟಿಕೊಂಡವನು ಎರಡೂ ಹಿಮ್ಮಡಿ ಎತ್ತಿ ನಡೆಯೋಕಾಗುತ್ತಾ?”

“ಆಗಲ್ಲ ಮೇಡಂ.”

“ಅಂದರೆ ಕೋಟಿನೊಳಗೆ ಮೇಸ್ತ್ರಿ ಇರಲಿಲ್ಲ. ಮೇಸ್ತ್ರಿ ಸೇತುವೆಗೆ ಬರಲೇ ಇಲ್ಲ. ತಮ್ಮ ಹೇಳಿದ್ದೂ ಅದೇ.” ಅವರು ಟೈಲರಮ್ಮನ ಹೇಳಿಕೆಯ ಹಾಳೆ ತೆಗೆದರು. “ಇಲ್ಲಿ ಬರೀ ‘ಹೋದರು’ ಅಂತಿದೆ.”

“ಆಕೆ ಭುಜ ಇಳಿಸಿ ತೋರಿಸಿದ್ದರು ಮೇಡಂ. ಮುಖ ನೋಡಿಲ್ಲ ಅಂದಿದ್ದರು. ನಾನು ಬರೀಲಿಲ್ಲ.”

ಬೈಗುಳ ಬಿದ್ದಿದ್ದರೆ ರೈಟರಿಗೆ ಹಗುರವಾಗುತ್ತಿತ್ತು. ಮೇಡಂ ಬೈಯಲಿಲ್ಲ.

“ಈ ನಡಿಗೆಗಳನ್ನು ಯಾರು ನಡೀಬಲ್ಲರು?”

ರೈಟರ್ ಅಚ್ಚುವಿನ ಪುಸ್ತಕವನ್ನು ಮುಂದಕ್ಕೆ ಸರಿಸಿದರು. ಆಮೇಲೆ ಹೆಸರು ಹೇಳಿದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಯ ಹೆಂಡತಿ ತಮ್ಮ ಬೀಗದಕೈಯಿಂದ ಅಂಗಡಿ ತೆಗೆದುಕೊಟ್ಟರು. ತೊಗಲು, ಅಂಟು, ಮೇಣದ ವಾಸನೆ. ಗೋಡೆಯುದ್ದಕ್ಕೂ ಮರದ ಅಚ್ಚುಗಳು, ಒಂದೊಂದರ ಕೊರಳಿಗೂ ಚೀಟಿ. ನಡುವೆ ನೆಲಕ್ಕೆ ಉದ್ದನೆಯ ಹಲಗೆ ಜೋಡಿಸಿತ್ತು, ಅದರ ಮೇಲೆ ಸುಣ್ಣದಲ್ಲಿ ಹತ್ತು ಗೆರೆ.

“ಇದೇನು?” ಎಂದರು ಮೇಡಂ.

“ಬಂದವರನ್ನು ಇದರ ಮೇಲೆ ಒಂದು ಸಲ ನಡೆಸ್ತಾರೆ. ಹತ್ತು ಹೆಜ್ಜೆ. ಮತ್ತೆ ಮತ್ತೆ ನಡೀರಿ ಅಂದರೆ ಅವರಿಗೆ ಸಂಕಟ ಅಲ್ವಾ? ಅದಕ್ಕೆ ಆಮೇಲೆ ಅವರ ಹಾಗೇ ಅಚ್ಚು ನಡೀತಾನೆ, ಎಷ್ಟು ಸಲ ಬೇಕಾದರೂ. ಇವರು ಕೂತಲ್ಲೇ ಭಾರ ಎಲ್ಲಿ ಬೀಳುತ್ತೆ, ಅಟ್ಟೆ ಎಷ್ಟು ಕೊಡಬೇಕು ನೋಡ್ತಾರೆ. ಎಂಥ ನಡಿಗೆ ಇದ್ದರೂ ಅವನ ಮೈ ಒಂದೇ ನೋಟಕ್ಕೆ ಅಚ್ಚು ತಗೋತಿತ್ತು. ಅದಕ್ಕೇ ಆ ಹೆಸರು ಇಟ್ಟಿದ್ದು.”

“ಕೋಟು ಯಾವಾಗ ತೆಗೀತಿದ್ದರು ನಿಮ್ಮವರು?”

“ಇಲ್ಲಿ ಒಳಗೆ ಮಾತ್ರ. ಅಂಟಿನ ಒಲೆ ಬಿಸಿ ನೋಡಿ. ಆ ಮೊಳೆಗೆ ತಗುಲಿಹಾಕ್ತಿದ್ದರು.”

ಮೊಳೆ ಖಾಲಿಯಿತ್ತು. ಅದರ ಕೆಳಗೆ ಬೂಟನ್ನು ಬೋರಲು ಹಾಕಿ ಬಡಿಯುವ ಕಬ್ಬಿಣದ ಪಾದ. ಮೇಲೆಲ್ಲ ಉಜ್ಜಿ ತೊಳೆದು ಹೊಳೆಯುತ್ತಿತ್ತು. ಬುಡದ ಸಂದಿಯಲ್ಲಿ ಮಾತ್ರ ಕಪ್ಪಗೆ ಏನೋ ಒಣಗಿ ನಿಂತಿತ್ತು, ಜೊತೆಗೆ ಎರಡು ಬಿಳಿಗೂದಲು. ಹಿಂಬಾಗಿಲು ತೆಗೆದರೆ ಮೂರು ಮೆಟ್ಟಿಲು, ಅದರ ಕೆಳಗೆ ಕಾಲುವೆ. ನೀರು ಸೇತುವೆಯ ಕಡೆಗೇ ಹರಿಯುತ್ತಿತ್ತು.

ಮೇಜಿನ ಮೇಲೆ ಅಳತೆಯ ಪುಸ್ತಕ. ಗಿರಾಕಿಗಳ ಹೆಸರಿನ ಜಾಗದಲ್ಲಿ ಮೇಸ್ತ್ರಿ ಇಟ್ಟ ಅಡ್ಡಹೆಸರುಗಳು: ಕೊಕ್ಕರೆ, ಬಾತುಕೋಳಿ, ಮುರುಕು ಗಾಡಿ. ರೈಟರ್ ಕೊನೆಯ ಪುಟಕ್ಕೆ ಬಂದರು. ಹದಿಮೂರನೇ ತಾರೀಖು, ನಾಲ್ಕು ಗಂಟೆ. ‘ತುದಿಗಾಲ ರಾಣಿ. ವಯಸ್ಸು ಹತ್ತೊಂಬತ್ತು. ಅಚ್ಚು ಮಗಳು.’ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಬೂಟಿನ ಚಿತ್ರ. ಹಿಮ್ಮಡಿಯ ಕೆಳಗೆ ಇಳಿಜಾರಾಗಿ ಅಟ್ಟೆ ತುಂಬುವುದು ಹೇಗೆಂದು ಗೆರೆಗೆರೆಯಾಗಿ ಬಿಡಿಸಿತ್ತು. ತಿದ್ದಿ ತಿದ್ದಿ ಬರೆದದ್ದು. ಒಳ್ಳೆಯ ಕೈ.

ಎಂಟಕ್ಕೆ ಅಚ್ಚು ಬಂದ. ಬಾಗಿಲಲ್ಲಿ ಪೊಲೀಸರನ್ನು ಕಂಡು ಹಿಂದಕ್ಕೆ ಸರಿಯಲಿಲ್ಲ. ಒಳಗೆ ಬಂದು ಎಂದಿನಂತೆ ಚಪ್ಪಲಿ ಮೂಲೆಗೆ ಬಿಟ್ಟ.

“ಸೋಮವಾರ ನಾಲ್ಕಕ್ಕೆ ಯಾರು ಬಂದಿದ್ದರು?” ಕೇಳಿದರು ಮೇಡಂ.

“ನನ್ನ ಮಗಳು.”

“ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ ಮೇಡಂ.”

“ಎಷ್ಟು ಹೊತ್ತಿಗೆ ಹೋದಳು?”

“ನಾಲ್ಕೂಮುಕ್ಕಾಲು.”

“ಐದು ನಲವತ್ತಕ್ಕೆ ಕೋಟು ಹಾಕ್ಕೊಂಡು ಹೊರಗೆ ಬಂದವರು ಯಾರು?”

ಅಚ್ಚು ಖಾಲಿ ಮೊಳೆಯ ಕಡೆ ನೋಡಿದ. ರೈಟರ್ ಔಷಧಿ ಅಂಗಡಿಯವಳ ನೋಟುಪುಸ್ತಕವನ್ನು ಅವನ ಮುಂದೆ ಇಟ್ಟು, ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದ ಪದದ ಮೇಲೆ ಬೆರಳಿಟ್ಟರು.

“ಕುಂಟ್ಕೊಂಡೇ ಹೋಗಬೇಕಿತ್ತಲ್ಲ ಮಾರಾಯ,” ಎಂದರು ಮೆಲ್ಲಗೆ. “ಮಧ್ಯದಲ್ಲಿ ಇದು ಯಾಕೆ ಬಂತು?”

ಅಚ್ಚು ಆ ಪದವನ್ನು ಅಕ್ಷರ ಅಕ್ಷರವಾಗಿ ಓದಿದ. “ನಾನು ಹಾಗೆ ನಡೆದೆನಾ?” ಎಂದ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. “ಹತ್ತು ಹೆಜ್ಜೆಗಿಂತ ಜಾಸ್ತಿ ನಾನು ಯಾರನ್ನೂ ನಡೆದಿಲ್ಲ ಅಣ್ಣ. ತಿರುವಿನ ತನಕ ಹೇಗೋ ಹಿಡಕೊಂಡಿದ್ದೆ. ಆಮೇಲೆ ಏನು ನಡೆದೆನೋ ಗೊತ್ತಿಲ್ಲ. ಮೈಯಲ್ಲಿ ಅವಳದೇ ಉಳಿದಿತ್ತೇನೋ.”

ಎಂಟು ನಲವತ್ತಕ್ಕೆ ದಸ್ತಗಿರಿ. ಹಿಂದಿನ ದಿನ ಮೇಸ್ತ್ರಿಯ ತಮ್ಮನ ಹೆಸರು ಬರೆದ ಅದೇ ಪುಸ್ತಕದಲ್ಲಿ ರೈಟರ್ ಹೊಸ ಹಾಳೆ ತೆರೆದರು. ಠಾಣೆಯ ಹಿಂದಿನ ಕೋಣೆಯಲ್ಲಿ ಅಚ್ಚು ಹೇಳಿದ, ಅವರು ಬರೆದರು. ಮೊದಲ ಸಲ, ಹೇಳಿದವನ ಬಾಯಲ್ಲಿ ಬಂದದ್ದನ್ನು ಬಂದ ಹಾಗೇ ಬರೆದರು.

ಎರಡು ವರ್ಷದ ಹಿಂದೆ ಜ್ವರ ಬಂದು ಎದ್ದ ಮೇಲೆ ಮಗಳ ನರಗಳು ಬಿಗಿದುಕೊಂಡವು. ಹಿಮ್ಮಡಿ ನೆಲ ಮರೆಯಿತು. ಆಸ್ಪತ್ರೆಯವರು ಕೊಟ್ಟ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ. ಅವುಗಳಲ್ಲಿ ಮಗಳ ಬಗ್ಗೆ ಏನು ಬರೆದಿದ್ದಾರೆ ಎಂದು ತಾನೇ ಓದಬೇಕೆಂದು ಅಚ್ಚು ಕ್ಲಾಸಿಗೆ ಸೇರಿದ್ದು. ಬೂಟು ಬೇಕೇ ಬೇಕೆಂದಾಗಲೂ ಅವಳನ್ನು ಅಂಗಡಿಗೆ ಕರೆತರಲು ಎರಡು ವರ್ಷ ಹೆದರಿದ. ಪುಸ್ತಕದಲ್ಲಿ ಅವಳಿಗೆ ಎಂಥ ಹೆಸರು ಬೀಳುತ್ತದೋ ಎಂದು.

“ಯಜಮಾನರು ಚೆನ್ನಾಗೇ ಮಾತಾಡಿದರು ಅಣ್ಣ. ಮಗಳೇ ಅಂದರು. ಅಳತೆ ತಗೊಂಡರು. ಹಲಗೆ ಮೇಲೆ ನಡೆಸಿದರು. ಆಮೇಲೆ ನನ್ನ ಕಡೆ ನೋಡಿ, ನಡಿ ಅಚ್ಚು, ತೋರಿಸು ಅಂದರು. ಬೇಡ ಯಜಮಾನರೇ ಅಂದೆ. ‘ಇಪ್ಪತ್ತೆರಡು ವರ್ಷ ಊರೋರ ಮಕ್ಕಳನ್ನೆಲ್ಲ ನಡೆದಿದ್ದೀಯ, ನಿನ್ನ ಮಗಳು ಬಂದಾಗ ನಾಚಿಕೆನಾ?’ ಅಂದರು. ಆ ಮಾತಿಗೆ ಎದುರು ಹೇಳೋಕೆ ನನ್ನ ಹತ್ತಿರ ಏನಿತ್ತು? ನಡೆದೆ. ಇನ್ನೊಂದು ಸಲ ಅಂದರು. ನಡೆದೆ. ಮೂರನೇ ಸಲ ಚಪ್ಪಾಳೆ ಹೊಡೆದು ನಕ್ಕರು. ಮಗಳು ಸ್ಟೂಲ್ ಮೇಲೆ ಕೂತು ನೋಡ್ತಿದ್ದಳು. ನಾನು ಹೀಗೆ ಕಾಣ್ತೀನಾ ಅಪ್ಪ, ಅಂತ ಕೇಳಿದಳು.”

ರೈಟರ್ ಪೆನ್ನು ನಿಂತಿತು.

“ಅವಳು ಅವಳ ನಡಿಗೇನ ನೋಡೇ ಇರಲಿಲ್ಲ ಅಣ್ಣ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಕನ್ನಡಿ ಇಲ್ಲ.”

ಮಗಳನ್ನು ಮನೆಗೆ ಕಳಿಸಿ ಬಂದಾಗ ಮೇಸ್ತ್ರಿ ಪುಸ್ತಕದಲ್ಲಿ ಅಡ್ಡಹೆಸರು ಬರೆದು ಮುಗಿಸಿದ್ದರು. ‘ಇಷ್ಟು ಚೆನ್ನಾಗಿ ನೀನು ಯಾರನ್ನೂ ನಡೆದಿರಲಿಲ್ಲ ಕಣೋ’ ಎಂದರು. ಅಚ್ಚು ಎರಡೂ ಕೈಯಿಂದ ತಳ್ಳಿದ. ಒಂದೇ ಸಲ. ಕಬ್ಬಿಣದ ಪಾದ ಇದ್ದದ್ದು ಹಿಂದೆ. ಆಮೇಲಿನದೆಲ್ಲ ಹೆದರಿಕೆ ಮಾಡಿಸಿದ್ದು. ತಮ್ಮ ಸೇತುವೆಯಲ್ಲಿ ಕಾಯುತ್ತಾನೆಂಬುದು ಗೊತ್ತಿತ್ತು. ಹಿಂಬಾಗಿಲಿನ ಮೆಟ್ಟಿಲಿಳಿಸಿ ಹೆಣವನ್ನು ಕಾಲುವೆಗೆ ಬಿಟ್ಟ. ಆಮೇಲೆ ಕೋಟು, ಟೋಪಿ, ಕುಂಟು, ತಿರುವು. ಔಷಧಿ ಅಂಗಡಿ ದಾಟಿ ಮುರಿದ ಗೋಡೆಯ ಹಿಂದೆ ಅವನ್ನು ಕಳಚಿ ಕಾಲುವೆಗೆ ಬಿಟ್ಟು, ಕ್ಲಾಸಿನ ಮೆಟ್ಟಿಲ ಮೇಲೆ ಕೂತು ಮನೆಪಾಠ ಬರೆದ.

“ಒಂದು ಪದವೂ ನೆನಪಿಗೆ ಬರಲಿಲ್ಲ,” ಎಂದ. “ಕೈ ಒಂದನ್ನೇ ಬರೀತಾ ಹೋಯ್ತು.”

ಹತ್ತೂವರೆಗೆ ಲಾಕಪ್ಪಿನ ಬೀಗ ತೆಗೆದರು. ಹನ್ನೊಂದಕ್ಕೆ ನ್ಯಾಯಾಲಯದಲ್ಲಿ ಮೇಡಂ ತಾವೇ ನಿಂತು, ಹುಡುಗನ ಬಿಡುಗಡೆಗೆ ವರದಿ ಸಲ್ಲಿಸುವವರಿದ್ದರು. ಹುಡುಗ ಹೊರಗೆ ಬಂದ. ರೈಟರ್ ಅವನ ಮುಂದೆ ನಿಂತು, “ತಪ್ಪು ನನ್ನದು ಕಣಪ್ಪ. ನಿನ್ನ ಮಾತು ಮುಗಿಯೋ ತನಕ ನಾನು ಕಾಯಲಿಲ್ಲ,” ಎಂದರು. ಹುಡುಗ ಏನೋ ಹೇಳಹೊರಟ. ಈ ಸಲ ರೈಟರ್ ಕಾದರು. ಮೊದಲ ಅಕ್ಷರ ನಾಲ್ಕು ಸಲ ಬಂದು ಹೋಯಿತು.

“ಅ... ಅತ್ತಿಗೆ ಊಟ ಮ... ಮಾಡಿದರಾ?” ಎಂದು ಕೇಳಿದ.

ಎದುರಿನಿಂದ ಅಚ್ಚುವನ್ನು ಕರೆತರುತ್ತಿದ್ದರು. ಉದ್ದನೆಯ ಓಣಿ, ಹದಿನೈದು ಹೆಜ್ಜೆಯಾದರೂ ಇದ್ದೀತು. ಇಷ್ಟು ದಿನ ಒಂದೇ ಬೆಂಚಿನಲ್ಲಿ ಕೂತಿದ್ದರೂ ಅವನ ಸ್ವಂತ ನಡಿಗೆ ಹೇಗಿದೆಯೆಂದು ರೈಟರ್ ಗಮನಿಸಿಯೇ ಇ‌ರಲಿಲ್ಲ. ಈಗ ನೋಡಿದರು. ಎಡಪಾದ ಒಂದಿಷ್ಟು ಹೊರಕ್ಕೆ, ತಲೆ ಒಂದಿಷ್ಟು ಮುಂದಕ್ಕೆ. ಅಷ್ಟೇ. ನಕಲು ಮಾಡಲು ಅದರಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ಮೂರೂವರೆಗೆ ಅಪ್ಪನ ಬಟ್ಟೆಯ ಗಂಟು ಹಿಡಿದು ಮಗಳು ಬಂದಳು. ಠಾಣೆಯ ಅಂಗಳ ದಾಟಿ ಮೆಟ್ಟಿಲು ಹತ್ತುವಷ್ಟರಲ್ಲಿ ಪಹರೆಯವನು, ಅರ್ಜಿ ಹಿಡಿದು ಕೂತಿದ್ದ ಇಬ್ಬರು, ಎಲ್ಲರೂ ಅವಳ ಪಾದಗಳನ್ನೇ ನೋಡಿದರು. ಅವಳು ಅದನ್ನು ಕಂಡಳು. ರೈಟರ್ ಎದ್ದು ಹೋಗಿ ಕುರ್ಚಿ ಎಳೆದುಕೊಟ್ಟರು. ಬೂಟಿನ ಚಿತ್ರವಿದ್ದ ಪುಟದ ನಕಲನ್ನು ಮೇಡಂ ಬೆಳಿಗ್ಗೆಯೇ ಮಾಡಿಸಿಟ್ಟಿದ್ದರು, ಅಡ್ಡಹೆಸರಿನ ಮೇಲೆ ಕಾಗದ ಮುಚ್ಚಿ. ರೈಟರ್ ಅದನ್ನು ಅವಳ ಕೈಗೆ ಕೊಟ್ಟರು. ಯಾರಾದರೂ ಒಳ್ಳೆಯ ಕೈಯವರು ಸಿಕ್ಕರೆ ಮಾಡಿಕೊಡುತ್ತಾರೆ ಎಂದರು.

ಅವಳು ಹೋದ ಮೇಲೆ ಠಾಣೆಯ ದಿನಚರಿ ತೆರೆದರು. ನಡೆದದ್ದನ್ನು ನಡೆದ ಹಾಗೇ ಬರೆಯಬೇಕೆಂದು ಆ ಬೆಳಿಗ್ಗೆಯಷ್ಟೇ ಅವರು ತಮ್ಮ ಪೆನ್ನಿಗೆ ಹೇಳಿಕೊಂಡಿದ್ದರು. ಅದಕ್ಕೆ ಬೇಕಾದ ಪದ ಈಗ ಎರಡು ಭಾಷೆಯಲ್ಲೂ ಅವರಿಗೆ ಗೊತ್ತಿತ್ತು. ಅಂಗಳದಲ್ಲಿ ಎಲ್ಲರೂ ಅವಳ ಪಾದ ನೋಡಿದ್ದು, ಅದನ್ನು ಅವಳು ಕಂಡದ್ದು ನೆನಪಾಯಿತು. ಆಮೇಲೆ ಬರೆದರು:

‘ಮೂರು ಗಂಟೆ ಮೂವತ್ತು ನಿಮಿಷ. ಆರೋಪಿಯ ಮಗಳು ಠಾಣೆಗೆ ಬಂದರು. ಬಟ್ಟೆ ಕೊಟ್ಟು, ತಂದೆಯನ್ನು ನೋಡಿ, ಮನೆಗೆ ಹೋದರು.’